ಶೇಕಡಾ ಮೂರರ ಸಂಜೆ

ಈ ಸಂಗತಿಯನ್ನು ಹೇಳಲು ನನಗಿಂತ ಗಟ್ಟಿ ಮನಸ್ಸಿನವರು ಬೇಕಿತ್ತು. ನಾನು ಸಂಜೆ ಶಾಲೆಯಲ್ಲಿ ಕಲಿತವಳು, ಅದೂ ನಮ್ಮ ಊರಿನ ಸಂಜೆ ಶಾಲೆಯಲ್ಲಿ. ಅಲ್ಲಿ ಅರ್ಧ ಪಾಠ ಕಿಟಕಿಯಾಚೆ ನೋಡುವುದರಲ್ಲೇ ಮುಗಿಯುತ್ತಿತ್ತು. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ನನಗೆ ಇನ್ನೂ ಸರಿಯಾಗಿ ತಿಳಿಯುವುದಿಲ್ಲ. ಆದರೆ ಎರಡು ಸಂಜೆಯೂ ಊರ ಸಮಿತಿಯ ಕಚೇರಿಯಲ್ಲಿ ಎಚ್ಚರವಿದ್ದವಳು ನಾನೊಬ್ಬಳೇ. ನಾನು ಹೇಳದಿದ್ದರೆ ಜನ ತಮಗೆ ತೋಚಿದಂತೆ ಹೇಳುತ್ತಾರೆ, ಈಗಾಗಲೇ ಹೇಳುತ್ತಿದ್ದಾರೆ. ಧೈರ್ಯ ಮಾಡಿದ್ದಕ್ಕೆ ಓದುವವರು ಕ್ಷಮಿಸಬೇಕು.

ನಮ್ಮ ಊರಿಗೆ ಕೆಲವು ಮುಸ್ಸಂಜೆ ಬಡಗಣ ಬೆಳಕು ಬರುತ್ತದೆ. ದೀಪ ಹಚ್ಚುವ ಹೊತ್ತಿಗೆ ಉತ್ತರದ ಆಕಾಶದಲ್ಲಿ ಯಾರೋ ಹಸಿರು ಸೀರೆ ಒಣಹಾಕಿದಂತೆ ತೂಗಾಡಿ, ಒಲೆಯ ಮೇಲಿಟ್ಟ ಅನ್ನ ಬೇಯುವಷ್ಟರಲ್ಲಿ ಹೋಗಿಬಿಡುತ್ತದೆ. ಅದು ಬಂದಾಗ ಏನೇನು ಮುಚ್ಚಿರುತ್ತದೋ ಅದು ಇನ್ನೊಂದು ಸಲ ಬೆಳಕು ಬರುವ ತನಕ ತೆರೆಯುವುದಿಲ್ಲ. ಕದ, ಪೆಟ್ಟಿಗೆ, ಕೊಡೆ, ಉಪ್ಪಿನಕಾಯಿಯ ಭರಣಿ, ಪುಸ್ತಕ, ನಿದ್ದೆ ಹೋದವರ ಕಣ್ಣು. ರೆಪ್ಪೆ ಬಡಿದರೆ ಏನೂ ಆಗದು, ನಿದ್ದೆಯೇ ಆಗಬೇಕು. ಹಾಗೆ ಮಲಗಿದವರಿಗೆ ಹಸಿವಿಲ್ಲ, ನೀರಡಿಕೆಯಿಲ್ಲ, ಉಗುರೂ ಬೆಳೆಯುವುದಿಲ್ಲ. ಮುಂದಿನ ಬೆಳಕಿನಲ್ಲಿ ಕದವನ್ನಾದರೆ ನೂಕಿದರೆ ಸಾಕು, ಮನುಷ್ಯರನ್ನು ಮಾತ್ರ ಹೆಸರು ಹಿಡಿದು ಕರೆಯಬೇಕು. ಬೆಳಕು ಇರುವಾಗಲೇ ಕರೆಯಬೇಕು. ಬಾಯಿಗೆ ಯಾಕೋ ಈ ನಿಯಮ ಇಲ್ಲ. ಇದ್ದಿದ್ದರೆ ಊರು ಇನ್ನಷ್ಟು ಚೆನ್ನಾಗಿರುತ್ತಿತ್ತು ಎನ್ನುವವರೂ ಇದ್ದಾರೆ.

ಆದ್ದರಿಂದ ಹೊತ್ತು ಮುಳುಗುತ್ತಲೇ ನಮ್ಮಲ್ಲಿ ಎಲ್ಲವೂ ತೆರೆದುಕೊಳ್ಳುತ್ತಿತ್ತು. ಗಂಡಸರು ಅಂಗಿಯ ಗುಂಡಿ ಬಿಚ್ಚಿ ಕಟ್ಟೆಯ ಮೇಲೆ ಕೂರುತ್ತಿದ್ದರು. ದರ್ಜಿ ಇಮಾಮಸಾಬರು ಕತ್ತರಿಯನ್ನು ಬಾಯಿ ತೆರೆದಿಟ್ಟು ಬೀಡಿ ಹಚ್ಚುತ್ತಿದ್ದರು. ತಾಯಂದಿರು ಕೂಸುಗಳ ಅಂಗಾಲಿಗೆ ಕಚಗುಳಿ ಇಡುತ್ತಿದ್ದರು. ದೀಪದ ಹೊತ್ತಿನಲ್ಲಿ ಮಲಗಬಾರದು, ಮುಂಬಾಗಿಲು ಹಾಕಬಾರದು ಎಂದು ಬೇರೆ ಊರುಗಳಲ್ಲೂ ಹೇಳುತ್ತಾರಂತೆ. ನಮ್ಮಲ್ಲಿ ಅದನ್ನು ಕೇಳುತ್ತಿದ್ದರು, ಅಷ್ಟೇ ವ್ಯತ್ಯಾಸ.

ಕೇಳುವಂತೆ ಮಾಡುತ್ತಿದ್ದವಳು ನನ್ನ ಸೋದರತ್ತೆ ನೀಲವ್ವ. ಅಪ್ಪನ ಅಕ್ಕ. ಊರವರ ಬಾಯಲ್ಲಿ ಕೂಗವ್ವ. ದಿನಾ ಮುಸ್ಸಂಜೆ ಸೆರಗನ್ನು ಟೊಂಕಕ್ಕೆ ಸಿಕ್ಕಿಸಿ ಓಣಿಯಿಂದ ಓಣಿಗೆ "ತೆರೀರ್ಯೋ... ಏಳ್ರ್ಯೋ..." ಎಂದು ಕೂಗುತ್ತ ಹೋಗುತ್ತಿದ್ದಳು. ಯಾರ ಮನೆಯಲ್ಲಿ ಯಾರು ಮುಸ್ಸಂಜೆ ತೂಕಡಿಸುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಅಲ್ಲಿಗೆ ಹೋಗಿ ಹೆಸರು ಹಿಡಿದು ಕರೆದರೆ ಗೋಡೆಯ ಹಲ್ಲಿಯೂ ಎದ್ದು ಕೂರಬೇಕು, ಅಂಥ ದನಿ. ಮೈ ಹುಷಾರಿಲ್ಲದಾಗಲೂ ಹೋಗುತ್ತಿದ್ದಳು. ಅವಳ ಗಂಡ ತೀರಿಕೊಂಡ ದಿನವೂ ಸಂಜೆ ಹೆಣದ ಮುಂದಿನಿಂದ ಎದ್ದು ಹೋಗಿ ಕೂಗಿ ಬಂದು ಮತ್ತೆ ಅಳಲು ಕೂತಳು ಎಂದು ಅಮ್ಮ ಹೇಳುತ್ತಿದ್ದಳು. ಬುದ್ಧಿ ಬಂದಾಗಿನಿಂದ ಅವಳು ಒಂದು ಸಂಜೆಯೂ ನೆಲಕ್ಕೆ ಬೆನ್ನು ಹಚ್ಚಿದವಳಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಊರ ಸಮಿತಿಯ ಅಧ್ಯಕ್ಷರು ಚನ್ನವೀರಪ್ಪನವರು, ಒಳ್ಳೆಯವರೇ. ಬೆಳಕು ಯಾವಾಗ ಬರುತ್ತದೆಂದು ಮೊದಲೇ ಹೇಳುವ ಒಂದು ಸಾಫ್ಟ್‌ವೇರ್ ಇದೆಯೆಂದು ಎಲ್ಲಿಯೋ ಕೇಳಿ ತರಿಸಿದರು. ಜೋಡಿಸಲು ಹೊರಗಿನಿಂದ ಬಂದ ಹುಡುಗ ಪರದೆಯ ಮೇಲೆ ಭೂಮಿಯನ್ನು ನೆತ್ತಿಯಿಂದ ನೋಡಿದಂತೆ ಒಂದು ಗುಂಡನೆಯ ಚಿತ್ರ ತೋರಿಸಿದ. ಅದರ ಸುತ್ತ ಹಸಿರು ಬಳೆ. ಮೂಲೆಯಲ್ಲಿ, ಗಡಿಯಾರದ ಪಕ್ಕ, ಒಂದು ಸಣ್ಣ ಅಂಕಿ. ಬೆಳಕು ಬರುವ ಸಾಧ್ಯತೆ ಶೇಕಡಾ ಇಷ್ಟು ಎಂದು. ಸೂರ್ಯನಿಂದ ಬೀಸುವ ಗಾಳಿಯನ್ನು ಉಪಗ್ರಹ ಅಳೆದು ಕಳಿಸುತ್ತದೆ ಎಂದು ಅವನು ಹೇಳಿದ್ದು ನನಗೆ ಪೂರ್ತಿ ಅರ್ಥವಾಗಲಿಲ್ಲ. ಅಂಕಿ ಹೆಚ್ಚಾದರೆ ಟಣ್ ಎಂದು ಸದ್ದು ಬಂದು ಇಂಗ್ಲಿಷಿನಲ್ಲಿ ಒಂದು ಸಾಲು ಮೂಡುತ್ತಿತ್ತು. ನಾನು ನಿಘಂಟು ನೋಡಿ ಕನ್ನಡ ಮಾಡಿದೆ: ಇಂದು ಒಳ್ಳೆಯ ಅವಕಾಶ, ಹೊರಗೆ ಹೋಗಿ ನೋಡಿ ಆನಂದಿಸಿ.

"ಆನಂದಿಸೂದು?" ಎಂದರು ಅಧ್ಯಕ್ಷರು.

"ಹೌದ್ರಿ ಸರ. ಬಡಗಣ ಥಂಡಿ ದೇಶದ ಕಡೆ ಜನ ರಜಾ ಹಾಕಿ ಇದನ್ನ ನೋಡಾಕ ಹೋಗ್ತಾರ್ರಿ. ಫೋಟೋ ತಗೀತಾರ," ಎಂದ ಹುಡುಗ.

ಬಾಗಿಲಲ್ಲಿ ನಿಂತಿದ್ದ ಇಮಾಮಸಾಬರು, "ಅವರ ಮನೀ ಕದಾ ಎಂಥಾವಿರಬೇಕಪಾ," ಎಂದರು.

ಇನ್ನೊಂದು ತೊಡಕು ಬಂತು. ಸಾಫ್ಟ್‌ವೇರ್ ಊರಿನ ಹೆಸರು ಕೇಳಿತು. ನಮ್ಮ ಊರು ಅದರ ನಕಾಶೆಯಲ್ಲಿ ಇರಲಿಲ್ಲ. ಯಾವ ನಕಾಶೆಯಲ್ಲೂ ಇಲ್ಲ. "ಯಾವೂರು ಹಾಕ್ಲಿರಿ?" ಎಂದ ಹುಡುಗ. ಅಧ್ಯಕ್ಷರು ಒಂದು ಗಳಿಗೆ ವಿಚಾರ ಮಾಡಿ, "ಥಂಡಿ ಇರೋ ಊರು ಯಾವುದರ ಒಂದು ಹಾಕಪಾ. ಎಲ್ಲಿದ್ರೂ ಬೆಳಕು ಬೆಳಕಽ," ಎಂದರು. ಹುಡುಗ ಮೊದಲು ಕಂಡ ಹೆಸರು ಒತ್ತಿದ. ಅದನ್ನು ಉಚ್ಚರಿಸಲು ನನಗೆ ಇವತ್ತಿಗೂ ಬರುವುದಿಲ್ಲ. ಇದು ಸರಿಯೇ ಎಂದು ಕೇಳಬೇಕೆನ್ನಿಸಿತು. ಆದರೆ ಕಂಪ್ಯೂಟರ್ ಮುಂದೆ ಕೂರುವ ಕೆಲಸ ನನಗೆ ಆಗಷ್ಟೇ ಸಿಕ್ಕಿತ್ತು, ಸುತ್ತ ಎಲ್ಲರೂ ಹಿರಿಯರಿದ್ದರು.

ಮೊದಲ ಸಲ ಅಂಕಿ ಅರವತ್ತು ದಾಟಿ ಟಣ್ ಎಂದ ಸಂಜೆಯೇ ಬೆಳಕು ಬಂತು. ಜನ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಹೂ ಮುಡಿಸಿದರು. ಇನ್ನು ಮೂವತ್ತಕ್ಕಿಂತ ಮೇಲೆ ಹೋದರೆ ಮಾತ್ರ ಕೂಗುವುದು ಎಂದು ಸಮಿತಿ ತೀರ್ಮಾನಿಸಿತು. ಆ ವಾರ ನಮ್ಮ ಊರಲ್ಲಿ ಆದ ಸುಖವನ್ನು ನಾನು ಹೇಗೆ ಹೇಳಲಿ! ಜನ ಸಂಜೆ ಕದ ಹಾಕಿಕೊಂಡರು. ಹೊಲದಿಂದ, ಗಿರಣಿಯಿಂದ ಬಂದವರು ಕಾಲು ಚಾಚಿ ಮಲಗಿ, ಊಟಕ್ಕೆ ಎದ್ದು, ಮುಸ್ಸಂಜೆಯ ನಿದ್ದೆ ಹೀಗಿರುತ್ತದೇನು ಎಂದು ಒಬ್ಬರಿಗೊಬ್ಬರು ಕೇಳಿದರು. ಕೂಸುಗಳು ಅಳದೆ ಮಲಗಿದವು.

ಅತ್ತೆಗೆ ಮಾತ್ರ ಕಾಲು ನಿಲ್ಲಲಿಲ್ಲ. ಸಂಜೆಯಾದರೆ ಕಚೇರಿಗೆ ಬಂದು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದಳು.

"ನಂಬರ ಎಷ್ಟೈತಿ, ಕಸ್ತೂರಿ?"

"ಏಳು, ಅತ್ತಿ."

"ಏಳಂದ್ರ ಬರೂದಿಲ್ಲ ಅಂತನು?"

"ನೂರಕ್ಕ ಏಳು ಸಲ ಬರಬಹುದು ಅಂತ."

"ಮತ್ತ ಇವತ್ತು ಆ ಏಳರಾಗಿಂದೊಂದಾದ್ರ?"

ಅವಳು ಹೊರಗೆ ಹೋಗಿ ಓಣಿಯಲ್ಲಿ ಸಣ್ಣ ದನಿಯಲ್ಲಿ ಕೂಗುತ್ತಿದ್ದಳು. ಅವಳ ಸಣ್ಣ ದನಿಯೂ ದೊಡ್ಡದೇ. ಒಳಗಿನಿಂದ ಬೈಗುಳ ಬರುತ್ತಿದ್ದವು. "ಯವ್ವಾ ಕೂಗವ್ವ, ನಂಬರ ನೋಡಿ ಬಾ ಹೋಗು!" "ಬೆಳಕಿಗಿಂತ ನಿನ್ನ ಕಾಟ ಜಾಸ್ತಿ ಆತು." ನಮ್ಮ ಎದುರುಮನೆಯ ರೇಣವ್ವ ಬಾಣಂತಿ. ಗಂಡ ಮಲ್ಲೇಶಿ ಲಾರಿ ಓಡಿಸುವವನು, ವಾರಕ್ಕೊಮ್ಮೆ ಬರುವವನು. ಅವಳೂ ಒಂದು ಸಂಜೆ ಕದ ತೆರೆದು ಕೈಮುಗಿದಳು: "ಅತ್ತಿ, ನಿಮ್ಮ ಕಾಲಿಗೆ ಬೀಳ್ತೀನಿ. ಕೂಸು ಈಗ ಮಲಗೈತಿ. ನಾನೂ ಒಂದು ಗಳಿಗಿ ಕಣ್ಣು ಮುಚ್ತೀನಿ." ಉಳಿದವರ ಬೈಗುಳ ಅತ್ತೆಗೆ ನಾಟಿರಲಿಲ್ಲ. ಇದು ನಾಟಿತು. ಮರುದಿನ ಅಧ್ಯಕ್ಷರೂ ಕರೆಸಿ, ಮೆತ್ತಗೇ, ಸಾಕು ಎಂದರು.

ಅದಾಗಿ ಕೆಲವೇ ದಿನ. ಅತ್ತೆ ಕಚೇರಿಗೆ ಬಂದು, ನಿಲ್ಲದೆ, ಗೋಡೆ ಬದಿಯ ಬೆಂಚಿನ ಮೇಲೆ ಕೂತಳು. ಅವಳು ಕೂತಿದ್ದನ್ನು ನಾನು ಗಮನಿಸಿದೆ.

"ಎಷ್ಟೈತಿ?"

"ನಾಲ್ಕು, ಅತ್ತಿ."

"ಹಂಗಾರ ಒಂದೀಟು ಅಡ್ಡಾಗ್ತೀನಿ," ಎಂದಳು. ಸೆರಗು ಮುಖಕ್ಕೆ ಎಳೆದುಕೊಂಡಳು. ನಾನು ಹಿಂತಿರುಗಿ ನೋಡುವಷ್ಟರಲ್ಲಿ ಗೊರಕೆ ಬರುತ್ತಿತ್ತು. ನನಗೆ ನಗು ಬಂತು, ಯಾಕೋ ಸಂತೋಷವೂ ಆಯಿತು.

ಪರದೆಯ ಹಸಿರು ನನ್ನ ಮೇಜಿನ ಮೇಲೆ ಬೀಳುವುದು ದಿನದ ಮಾತು. ಆ ಸಂಜೆ ಸ್ವಲ್ಪ ಹೆಚ್ಚು ಬಿತ್ತು. ಗೋಡೆಯ ಮೇಲೂ ಬಿದ್ದಿತ್ತು, ನನ್ನ ಬಳೆಗಳ ಮೇಲೂ. ಚಿತ್ರದ ಬಳೆ ದೊಡ್ಡದಾಗಿರಬೇಕು ಎಂದು ಪರದೆಯನ್ನೇ ನೋಡಿದೆ. ಅದು ದೊಡ್ಡದಾಗಿರಲಿಲ್ಲ. ಅಂಕಿ ನಾಲ್ಕೇ ಇತ್ತು. ಸರಿ ಎಂದುಕೊಂಡು ಏನೋ ಬರೆಯಲು ಪೆನ್ನು ತೆಗೆದುಕೊಂಡೆ. ಮುಚ್ಚಳ ಬರಲಿಲ್ಲ. ಎಳೆದೆ. ಹಲ್ಲಿನಿಂದ ಕಚ್ಚಿ ಎಳೆದೆ. ಆಗ ತಿರುಗಿ ಕಿಟಕಿ ನೋಡಿದೆ. ಇಡೀ ಉತ್ತರ ಹಸಿರಾಗಿ ತೂಗುತ್ತಿತ್ತು. ನನ್ನ ಬೆನ್ನಿಗೇ ಕಿಟಕಿ ಇತ್ತು. ನಾನು ಆಕಾಶಕ್ಕೆ ಬೆನ್ನು ಮಾಡಿ ಆಕಾಶದ ಚಿತ್ರ ನೋಡುತ್ತ ಕೂತಿದ್ದೆ.

"ಅತ್ತಿ!" ಎಂದೆ. ಅತ್ತೆಯ ಗೊರಕೆ ನಿಂತಿತ್ತು. ಎದೆ ಮಾತ್ರ ಇದ್ದೂ ಇಲ್ಲದಂತೆ ಏರಿಳಿಯುತ್ತಿತ್ತು.

ಮರುದಿನ ಊರು ಹೇಗಿತ್ತೆಂದು ವಿವರಿಸಲು ನನಗೆ ಶಕ್ತಿ ಸಾಲದು. ಮನೆಗೊಬ್ಬರಾದರೂ ಮಲಗಿದ್ದರು, ಎಚ್ಚರವಿದ್ದವರು ತೆರೆದಿದ್ದ ಕಿಟಕಿ, ಹಿತ್ತಿಲ ಬಾಗಿಲುಗಳಿಂದ ಹೊರಗೆ ಬಂದರು. ಅಧ್ಯಕ್ಷರು ಆರಾಮ ಕುರ್ಚಿಯಲ್ಲಿ ಕನ್ನಡಕ ಹಾಕಿಕೊಂಡೇ ಮಲಗಿದ್ದರು. ಮನೆಯವರು ಕುರ್ಚಿ ಸಮೇತ ಪಡಸಾಲೆಗೆ ತಂದಿಟ್ಟು ದಿನಾ ಕನ್ನಡಕ ಒರೆಸುತ್ತಿದ್ದರು. ಇಮಾಮಸಾಬರ ಕತ್ತರಿ ಮುಚ್ಚಿತ್ತು, ಅವರು ಬ್ಲೇಡಿನಿಂದ ಬಟ್ಟೆ ಕತ್ತರಿಸಲು ಕಲಿತರು. ಜನ ಬೇಗ ಹೊಂದಿಕೊಂಡರು. ಸಂಜೆ ಮತ್ತೆ ಎಲ್ಲವನ್ನೂ ತೆರೆದಿಟ್ಟು ಎಚ್ಚರವಿದ್ದರು, ತಮ್ಮವರ ಪಕ್ಕ ಕೂತು ಹೆಸರನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡರು. ಬೈಯಬೇಕೆನ್ನಿಸಿದಾಗ ನನ್ನನ್ನು ಬೈದರು. "ಬೆಳಕಿನ ಮಷೀನ ಮುಂದ ಕುಂತಾಕಿ, ನಿನಗ ಬೆಳಕಽ ಕಾಣ್ಲಿಲ್ಲೇನ?" ನಾನು ತಲೆ ತಗ್ಗಿಸುತ್ತಿದ್ದೆ. ಅವರು ಕೇಳುವುದರಲ್ಲಿ ತಪ್ಪಿರಲಿಲ್ಲ.

ಎಲ್ಲಕ್ಕಿಂತ ಕಷ್ಟ ರೇಣವ್ವನ ಮನೆಯದು. ಒಳಗೆ ಅವಳು, ಕೂಸು. ಹೊರಗೆ ಮುಚ್ಚಿದ ಕದ, ಮುಚ್ಚಿದ ಕಿಟಕಿ. ಮಲ್ಲೇಶಿ ಬಂದವನು ಮೊದಲ ದಿನ ಕೊಡಲಿಯಿಂದ ಕಡಿದು ನೋಡಿದ. ಕೊಡಲಿಯ ಬಾಯಿ ಹೋಯಿತು. ಆಮೇಲೆ ಕಟ್ಟೆಯ ಮೇಲೇ ಉಳಿದ. ಅಲ್ಲೇ ಊಟ, ಅಲ್ಲೇ ನಿದ್ದೆ, ನಿದ್ದೆ ಹಗಲು ಮಾತ್ರ. ಕೂಸಿಗೆ ತಂದ ಗಿಲಕಿ ಪಕ್ಕದಲ್ಲಿತ್ತು. ಸಂಜೆ ನನ್ನನ್ನು ಕೇಳುತ್ತಿದ್ದ: "ಇವತ್ತೆಷ್ಟು, ತಂಗಿ?" ಆ ಅಂಕಿಗೆ ಬೆಲೆಯಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಕೇಳುತ್ತಿದ್ದ, ನಾನು ಹೇಳುತ್ತಿದ್ದೆ. ಒಮ್ಮೆ ಎಂಬತ್ತೆಂಟು ಬಂತು. ಇಡೀ ಊರು ಉತ್ತರಕ್ಕೆ ಮುಖ ಮಾಡಿ ಕತ್ತಲಾಗುವ ತನಕ ನಿಂತಿತು. ಏನೂ ಬರಲಿಲ್ಲ.

ನಾನು ಮೇಜನ್ನು ತಿರುಗಿಸಿ ಕಿಟಕಿಗೆ ಮುಖ ಮಾಡಿಕೊಂಡಿದ್ದೆ. ಮುಸ್ಸಂಜೆ ಓಣಿಗಳಲ್ಲಿ ಕೂಗುವ ಕೆಲಸ ಯಾರೂ ಹೇಳದೆ ನನ್ನದಾಯಿತು. ನನ್ನ ದನಿ ಎರಡು ಮನೆ ದಾಟುತ್ತಿರಲಿಲ್ಲ. "ಏನೋ ಅಂದಿ ತಂಗಿ?" ಎಂದು ಜನ ಹೊರಗೆ ಬಂದು ಕೇಳುತ್ತಿದ್ದರು. ಕೇಳಲು ಎದ್ದು ಬಂದರಲ್ಲ, ಸಾಕು ಎಂದು ಮುಂದೆ ಹೋಗುತ್ತಿದ್ದೆ. ಮರಳಿ ಕಚೇರಿಗೆ ಬಂದು ಅತ್ತೆಯ ಹತ್ತಿರ ಕೂರುತ್ತಿದ್ದೆ. ಬೆಂಚಿನ ಮೇಲಿನ ಅವಳ ಮುಖ ನಾನು ಎಂದೂ ಕಾಣದಷ್ಟು ನಿರಾಳವಾಗಿತ್ತು. ಅದು ನನಗೆ ಸಮಾಧಾನ ಕೊಡಲಿಲ್ಲ, ಹೆದರಿಕೆ ಕೊಟ್ಟಿತು. ಬೆಳಕು ಬಂದ ಕೂಡಲೇ ಮೊದಲು ಅವಳನ್ನು ಎಬ್ಬಿಸಬೇಕು, ಉಳಿದವರನ್ನು ಅವಳ ದನಿ ಎಬ್ಬಿಸುತ್ತದೆ ಎಂದು ಲೆಕ್ಕ ಹಾಕಿಕೊಂಡಿದ್ದೆ.

ಆ ದಿನ ಮಲ್ಲೇಶಿ ಗಿಲಕಿ ಹಿಡಿದು ಕಚೇರಿಗೆ ಬಂದ.

"ಎಷ್ಟು, ತಂಗಿ?"

"ಮೂರು, ಅಣ್ಣ. ಆದ್ರ ಅದನ್ನ ನಂಬಬ್ಯಾಡ."

"ನಂಬೂದಿಲ್ಲ. ಆದ್ರೂ ಮಾಲಕ ಇವತ್ತೊಂದು ಟ್ರಿಪ್ ಹೋಗದಿದ್ರ ಬ್ಯಾರೆಯವ್ರನ್ನ ಇಟ್ಕೋತೀನಿ ಅಂದಾನ. ಕತ್ತಲಾಗೂದ್ರಾಗ ಬಂದುಬಿಡ್ತೀನಿ. ಬೆಳಕೇನರ ಬಂದ್ರ ನೀ ಕದಾ ನೂಕ್ತಿಯಲ್ಲ? ಬ್ಯಾರೆ ಮನಿಯವ್ರು ತಮ್ಮ ತಮ್ಮವರನ್ನ ಕರಕೋತ ಕುಂತಿರ್ತಾರ. ನನ್ನವರಿಗೆ ನೀನಽ."

"ನೂಕ್ತೀನಿ."

"ಆಣಿ?"

"ಆಣಿ, ಅಣ್ಣ."

ಗಿಲಕಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದ.

ಬೆಳಕು ಆ ಸಂಜೆಯೇ ಬಂತು. ಈ ಸಲ ನಾನು ಅದನ್ನು ಮೊದಲ ಎಳೆಯಿಂದ ನೋಡಿದೆ. ಓಣಿಯಲ್ಲಿ ಕಿರುಚಾಟ ಎದ್ದಿತು. ಮನೆಮನೆಯಿಂದಲೂ ಹೆಸರುಗಳು ಕೇಳಿಬಂದವು. ಅಧ್ಯಕ್ಷರನ್ನು ಅವರ ಹೆಂಡತಿ ಜೀವಮಾನದಲ್ಲೇ ಮೊದಲ ಸಲ ಹೆಸರು ಹಿಡಿದು ಕರೆದದ್ದು ಕಚೇರಿಯ ತನಕ ಕೇಳಿತು. ನಾನು ಬೆಂಚಿನ ಮುಂದೆ ಮೊಣಕಾಲೂರಿ ಅತ್ತೆಯ ಕಿವಿಗೆ ಬಾಯಿಟ್ಟು "ನೀಲವ್ವಾ" ಎಂದೆ. ಹಿರಿಯಳನ್ನು ಹಾಗೆ ಕರೆಯಲು ನಾಲಿಗೆ ತೊಡರಿತು. ಇನ್ನೊಮ್ಮೆ ಕರೆದೆ.

ಅತ್ತೆ ಕಣ್ಣು ತೆರೆದಳು. ಕಿಟಕಿಯ ಹಸಿರು ಅವಳ ಎರಡೂ ಕಣ್ಣಲ್ಲಿ ತುಂಬಿಕೊಂಡಿತು. ಒಂದು ಗಳಿಗೆ ಹಾಗೇ ನೋಡಿದಳು. ಆಮೇಲೆ ದಿನಾ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು:

"ನಂಬರ ಎಷ್ಟೈತಿ, ಕಸ್ತೂರಿ?"

"ಮೂರು, ಅತ್ತಿ," ಎಂದೆ.

ಯಾಕೆ ಹಾಗೆಂದೆ? ಅವಳು ಕೇಳಿದಳು, ಮೂಲೆಯಲ್ಲಿ ಮೂರು ಎಂದಿತ್ತು, ಹೇಳಿದೆ. ಇಷ್ಟು ದಿನ ಹಾಗೇ ಹೇಳುತ್ತ ಬಂದಿದ್ದೆ. ಬೆಳಕು ಬಂದೈತಿ ಏಳು ಎನ್ನಬೇಕಿತ್ತು. ಆ ಮಾತು ಇದರ ಬೆನ್ನಿಗೇ ಬರುತ್ತಿತ್ತು.

"ಹಂಗಾರ ಇನ್ನೊಂದೀಟು," ಎಂದಳು ಅತ್ತೆ. ಗೋಡೆಯ ಕಡೆ ಮಗ್ಗುಲಾದಳು. ಕೆನ್ನೆಯಡಿ ಕೈ ಇಟ್ಟುಕೊಂಡಳು. ಕಣ್ಣು ಮುಚ್ಚಿದವಳೇ ನಿದ್ದೆ ಹೋದಳು.

ಬೆಳಕಿನ ಅಡಿಯಲ್ಲಿ ಮುಚ್ಚಿದ್ದು ಮುಚ್ಚಿತು, ಅದೇ ಬೆಳಕಿನಲ್ಲಿ ಇನ್ನೊಮ್ಮೆ ತೆರೆಯುವುದಿಲ್ಲ. ನಾನು ಅವಳ ಭುಜ ಹಿಡಿದು ಅಲುಗಾಡಿಸಿದೆ. ಹೆಸರು ಹಿಡಿದು ಕೂಗಿದೆ. ಬೆಂಚೇ ಅಲುಗಿತು, ಅವಳು ಅಲುಗಲಿಲ್ಲ. ಎಷ್ಟು ಹೊತ್ತು ಅಲ್ಲೇ ಇದ್ದೆನೋ ತಿಳಿಯದು. ಮೇಜಿನ ಮೇಲಿನ ಗಿಲಕಿ ಕಣ್ಣಿಗೆ ಬಿದ್ದಾಗ ಎದ್ದು ಓಡಿದೆ.

ಉತ್ತರದ ಹಸಿರು ಆಗಲೇ ಅಂಚಿನಲ್ಲಿ ತೆಳ್ಳಗಾಗುತ್ತಿತ್ತು. ರೇಣವ್ವನ ಕದ ನೂಕಿದೆ, ಎಣ್ಣೆ ಹಾಕಿದಂತೆ ತೆರೆಯಿತು. ಅವಳು ಮಗ್ಗುಲಾಗಿ ಕೂಸನ್ನು ತಬ್ಬಿ ಮಲಗಿದ್ದಳು. "ರೇಣವ್ವಾ!" ಎಂದು ಕೂಗಿದೆ. ಅವಳು ಎದ್ದು ಕೂತು ಕಣ್ಣುಜ್ಜಿ, "ಯಾಕ ಕಸ್ತೂರಿ ಚೀರ್ತಿ? ಕೂಸು ಏಳ್ತೈತಿ," ಎಂದಳು. ಅವಳಿಗೆ ಅದು ಇನ್ನೂ ಅದೇ ಸಂಜೆ.

"ಕೂಸಿನ್ನ ಕರಿ, ರೇಣವ್ವ. ಜಲ್ದಿ ಕರಿ. ಬೆಳಕು ಹೊಂಟೈತಿ."

ಅವಳು ತೆರೆದ ಕದದ ಕಡೆ ನೋಡಿದಳು, ಕೂಸಿನ ಕಡೆ ನೋಡಿದಳು. ಅರ್ಥವಾಯಿತು. "ಕೂಸೇ, ನನ್ನವ್ವಾ, ಚಿನ್ನಾ, ಬಂಗಾರಾ," ಎಂದು ಬಾಯಿಗೆ ಬಂದದ್ದೆಲ್ಲ ಕರೆದಳು. ಕೂಸು ಏಳಲಿಲ್ಲ. ರೇಣವ್ವ ನನ್ನತ್ತ ತಿರುಗಿದಳು.

"ಇದಕ ಇನ್ನೂ ಹೆಸರಿಟ್ಟಿಲ್ಲಲ್ಲ, ಕಸ್ತೂರಿ."

ತೊಟ್ಟಿಲ ಶಾಸ್ತ್ರ ಮುಂದಿನ ವಾರವೆಂದು ಆಗ ನಿಶ್ಚಯವಾಗಿತ್ತು. ಆ ವಾರ ಬರುವ ಮೊದಲೇ ಹಿಂದಿನ ಬೆಳಕು ಬಂದಿತ್ತು. ಹೆಸರಿಲ್ಲದ್ದನ್ನು ಹೇಗೆ ಕರೆಯುವುದು? ಶಾಸ್ತ್ರದಲ್ಲಾದರೆ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ನಾನು ಅದಕ್ಕೆ ಏನೂ ಅಲ್ಲ, ಅದರಪ್ಪ ನನ್ನನ್ನು ತಂಗಿ ಎನ್ನುತ್ತಿದ್ದ, ಅಷ್ಟೇ. ಗೋಡೆಯ ಮೇಲಿನ ಹಸಿರು ಮಾಸುತ್ತಿತ್ತು. ಹೆಸರು ಯೋಚಿಸಲು ಹೊತ್ತಿರಲಿಲ್ಲ, ನನ್ನ ಬಾಯಲ್ಲಿ ಆಗಲೇ ಒಂದು ಹೆಸರು ಇತ್ತು. ಬಗ್ಗಿ ಕೂಸಿನ ಕಿವಿಗೆ ಅದನ್ನೇ ಕೂಗಿದೆ.

"ನೀಲವ್ವಾ!"

ನನ್ನ ಗಂಟಲಿನಿಂದ ಅಂಥ ದನಿ ಬಂದದ್ದಕ್ಕೆ ನಾನೇ ಬೆಚ್ಚಿದೆ. ಇಮಾಮಸಾಬರ ಅಂಗಡಿಯ ತನಕ ಕೇಳಿತಂತೆ. ಕೂಸು ಕಣ್ಣು ತೆರೆದು, ಒಂದು ಗಳಿಗೆ ಸುಮ್ಮನಿದ್ದು, ಮುಖವೆಲ್ಲ ಕೆಂಪಗೆ ಮಾಡಿ ಅತ್ತಿತು. ಅಳು ನಿಲ್ಲುವ ಮೊದಲೇ ಹೊರಗೆ ಬರೀ ಕತ್ತಲೆ ಇತ್ತು.

ಮಲ್ಲೇಶಿ ಬಂದು ತೆರೆದ ಕದದ ಮುಂದೆ ನಿಂತು ಒಳಗೆ ಕಾಲಿಡಲು ಹೆದರಿದ್ದನ್ನು, ಅಧ್ಯಕ್ಷರು ಎದ್ದು ಮೊದಲು ನಂಬರು ಕೇಳಿ ಹೆಂಡತಿಯಿಂದ ಬೈಸಿಕೊಂಡದ್ದನ್ನು ಜನ ನಗುತ್ತ ಹೇಳುತ್ತಾರೆ. ನನ್ನ ಬಗ್ಗೆ ಎರಡು ಮಾತಿದೆ. ಎದುರುಮನೆಯ ಕೂಸನ್ನು ಉಳಿಸಿದಳು ಎಂಬುದು ಒಂದು. ಸ್ವಂತ ಅತ್ತೆಯನ್ನು ಮಲಗಿಸಿ ಬಂದಳು ಎಂಬುದು ಇನ್ನೊಂದು. ಎರಡೂ ಒಂದೇ ಬಾಯಲ್ಲಿ ಬರುತ್ತವೆ.

ಅತ್ತೆ ಈಗಲೂ ಕಚೇರಿಯ ಬೆಂಚಿನ ಮೇಲಿದ್ದಾಳೆ, ಗೋಡೆಯ ಕಡೆ ಮುಖ ಮಾಡಿ. ಓಣಿಯಲ್ಲಿ ನಾನೇ ಕೂಗುತ್ತೇನೆ, ಈಗ ದನಿ ದೂರ ಹೋಗುತ್ತದೆ. ಕಂಪ್ಯೂಟರನ್ನು ಯಾರೂ ಆರಿಸಲಿಲ್ಲ, ಆರಿಸಲು ಯಾರಿಗೂ ಧೈರ್ಯವಿಲ್ಲ. ಆಗಾಗ ಟಣ್ ಎಂದು ಹೊರಗೆ ಹೋಗಿ ಆನಂದಿಸಿ ಎನ್ನುತ್ತದೆ. ಅದು ಯಾವ ಊರಿನ ಆಕಾಶವೋ, ಅಲ್ಲಿಯವರು ಹೋಗಿ ಆನಂದಿಸುತ್ತಾರೋ ಏನೋ.

ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿ ಮುಗಿಸುತ್ತೇನೆ. ಅತ್ತೆಯ ಕಣ್ಣಲ್ಲಿ ಆ ಹಸಿರು ಇತ್ತು, ನಾನು ನೋಡಿದ್ದೇನೆ. ಬುದ್ಧಿ ಬಂದಾಗಿನಿಂದ ಅದಕ್ಕಾಗಿಯೇ ಓಣಿ ಸುತ್ತಿದವಳು ಅದನ್ನು ಗುರುತಿಸಲಿಲ್ಲವೇ? ನನ್ನ ಮಾತು ನಂಬಿ ಮಲಗಿದಳೋ, ಬೆಳಕನ್ನು ಕಂಡೇ ಮಲಗಿದಳೋ, ನನಗೆ ಗೊತ್ತಿಲ್ಲ. ಮುಂದಿನ ಬೆಳಕಿನಲ್ಲಿ ಅವಳನ್ನು ಕರೆಯುತ್ತೇನೆ. ಅವಳು ಕಣ್ಣು ತೆರೆದು ಮತ್ತೆ ನಂಬರು ಕೇಳಿದರೆ ಏನು ಹೇಳಬೇಕು ಎಂಬುದೂ ಗೊತ್ತಿಲ್ಲ.